ಅಸಲು-ನಕಲು

ಸಂಗ್ರಹವೆಂಬುದು ಒಂದು ಬಗೆಯ ವ್ಯಾಧಿ. ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚೀಟಿ ಇವೆಲ್ಲ ಅದರ ಸೌಮ್ಯ ಲಕ್ಷಣಗಳು. ಇವುಗಳಿಂದ ನೆರೆಹೊರೆಯವರಿಗೆ ತೊಂದರೆಯಿಲ್ಲ, ಮನೆಯವರಿಗೂ ಅಷ್ಟಾಗಿ ಇಲ್ಲ. ಆದರೆ ಹಳೆಯ ಹಾಸ್ಯಚಿತ್ರಗಳ ಭಿತ್ತಿಪತ್ರಗಳನ್ನು ಕೂಡಿಹಾಕುವವನ ವಿಚಾರ ಬೇರೆ. ಅಂಚೆಚೀಟಿ ಒಂದು ಪುಸ್ತಕದೊಳಗೆ ಅಡಗಿ ಕುಳಿತೀತು. ಸಿನೆಮಾದ ಪೋಸ್ಟರು ಅಗಲದಲ್ಲಿ 30 ಅಂಗುಲ, ಉದ್ದದಲ್ಲಿ 40 ಅಂಗುಲ. ಅದನ್ನು ಬಿಚ್ಚಿದರೆ ಮಂಚವೇ ಬೇಕು. ಮಂಚ ತುಂಬಿದರೆ ಮಲಗುವವರು ಎಲ್ಲಿಗೆ ಹೋಗಬೇಕು?

ಬಸವಕಲ್ಯಾಣದ ಮಾಸ್ತರರೊಬ್ಬರು ಈ ವ್ಯಾಧಿಗೆ ತುತ್ತಾಗಿ ಮೂವತ್ತು ವರ್ಷಗಳಾದವು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರು ನಕ್ಕದ್ದನ್ನು ಕಂಡೆನೆಂದು ಹೇಳುವ ವಿದ್ಯಾರ್ಥಿ ಊರಿನಲ್ಲಿ ಒಬ್ಬನೂ ಇಲ್ಲ. ಅಂಥವರ ಅಟ್ಟದ ಮೇಲಿನ ಎರಡು ತಗಡಿನ ಪೆಟ್ಟಿಗೆಗಳಲ್ಲಿ ಕಿಶೋರಕುಮಾರ, ಮೆಹಮೂದ್, ನರಸಿಂಹರಾಜು, ದ್ವಾರಕೀಶ್ ಮೊದಲಾದ ನಗೆಗಾರರು ಬೇವಿನೆಲೆಯ ನಡುವೆ ಮಡಿಚಿಕೊಂಡು ಮಲಗಿದ್ದಾರೆ. "ಮನ್ಯಾಗ ತಾವು ನಗೂದಿಲ್ಲ, ನಗೂ ಕಾಗದ ತಂದು ಪೆಟಗ್ಯಾಗ ಇಡ್ತಾರ" ಎಂಬುದು ಅವರ ಮನೆಯಾಕೆಯ ನಿತ್ಯದ ದೂರು. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ.

ಈ ಸಂಗ್ರಹಕ್ಕೆ ಕಲ್ಯಾಣ ತಕ್ಕ ಸ್ಥಳವೇ ಎಂದು ಹೊರಗಿನವರು ಸಂಶಯಪಡಬಹುದು. ಚಾಲುಕ್ಯರ ರಾಜಧಾನಿ, ಶರಣರ ಅನುಭವ ಮಂಟಪದ ನೆಲ. ಇಲ್ಲಿ ಸಿನೆಮಾ ಕಾಗದದ ಮಾತೇನು? ಆದರೆ ಗೋಡೆಗೂ ಚಿತ್ರಕ್ಕೂ ಅಂಟಿಗೂ ಈ ಊರಿನ ನಂಟು ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಆಳಿದ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಭಿತ್ತಿಚಿತ್ರಕ್ಕಾಗಿ ಗೋಡೆಯನ್ನು ಹದಗೊಳಿಸುವುದನ್ನೂ, ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ ವಜ್ರಲೇಪವೆಂಬ ಅಂಟನ್ನು ಸಿದ್ಧಪಡಿಸುವುದನ್ನೂ ವಿವರಿಸಿದ್ದಾನೆ. ಅರಸನು ಬಯಸಿದ್ದು ಚಿತ್ರ ಗೋಡೆಯ ಮೇಲೆ ಶಾಶ್ವತವಾಗಿ ನಿಲ್ಲಲೆಂದು. ಸಿನೆಮಾದವರು ಬಯಸಿದ್ದು ಮುಂದಿನ ಶುಕ್ರವಾರದವರೆಗೆ ನಿಂತರೆ ಸಾಕೆಂದು. ಅವರ ಅಂಟು ಮೈದಾಹಿಟ್ಟಿನ ಗಂಜಿ. ಹುಳ ಹತ್ತದಿರಲೆಂದು ಅದರಲ್ಲಿ ಚಿಟಿಕೆ ಮೈಲುತುತ್ತ.

ಪೋಸ್ಟರಿನ ದುರ್ಲಭತೆಯ ಗುಟ್ಟು ಇಲ್ಲಿದೆ. ಪುಸ್ತಕ ಓದಿದ ಮೇಲೂ ಉಳಿಯುತ್ತದೆ. ನಾಣ್ಯ ಚಲಾವಣೆ ತಪ್ಪಿದ ಮೇಲೂ ಉಳಿಯುತ್ತದೆ. ಪೋಸ್ಟರು ತನ್ನ ಕರ್ತವ್ಯವನ್ನು ಮಾಡಿದೊಡನೆ ಸಾಯುತ್ತದೆ. ಅಂಟಿದ ಕಾಗದದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು; ಕೊನೆಗೆ ಮಳೆ. ಉಳಿದು ಬಂದದ್ದು, ಯಾವುದೋ ಕಾರಣದಿಂದ ಗೋಡೆ ಸೇರದೆ ಹೋದದ್ದು ಮಾತ್ರ. ಅಮೆರಿಕದಲ್ಲಿ 27 ಅಂಗುಲ ಅಗಲ, 41 ಅಂಗುಲ ಉದ್ದದ ಭಿತ್ತಿಪತ್ರಗಳನ್ನು ಚಿತ್ರಮಂದಿರಗಳಿಗೆ ಬಾಡಿಗೆಗೆ ಕೊಟ್ಟು ಮರಳಿ ಪಡೆಯುವ ಏರ್ಪಾಡಿತ್ತು. ನಮ್ಮಲ್ಲಿ ಹಿಂದಿರುಗಿಸಬೇಕಾದದ್ದು ರೀಲಿನ ಡಬ್ಬಿಗಳನ್ನು, ಪೋಸ್ಟರನ್ನಲ್ಲ. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪನೆಯಾದ ಮೇಲೆಯೇ ಈ ಕಾಗದಗಳಿಗೂ ಒಂದು ಸರಕಾರಿ ಸೂರು ದೊರೆಯಿತು. ನಮ್ಮ ದೇಶದಲ್ಲಿ ಉಳಿದು ಬಂದಿರುವ ಸಚಿತ್ರ ಸಿನೆಮಾ ಪೋಸ್ಟರುಗಳಲ್ಲಿ ಅತ್ಯಂತ ಹಳೆಯದು ಬಾಬೂರಾವ್ ಪೇಂಟರರ 1924ರ 'ಕಲ್ಯಾಣ ಖಜಿನಾ' ಎಂಬ ಮೂಕಿಚಿತ್ರದ್ದೆಂದು ಬಲ್ಲವರು ಹೇಳುತ್ತಾರೆ. ಆ ಹೆಸರನ್ನು ಕೇಳಿದ ದಿನ ಮಾಸ್ತರರ ಎದೆ ಉಬ್ಬಿತ್ತು. ಆ ಕಲ್ಯಾಣ ಮುಂಬಯಿಯ ಹತ್ತಿರದ ಕಲ್ಯಾಣವೆಂದು ತಿಳಿದ ಮೇಲೆ ಎದೆ ಮೊದಲಿನ ಅಳತೆಗೆ ಬಂತು.

ಬೀದರ ಸೀಮೆಯ ಪೋಸ್ಟರುಗಳಿಗೆ ಇನ್ನೊಂದು ಸೊಗಸಿದೆ. 1948ರ ಸಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಆದರೆ ಹಿಂದಿ ಚಿತ್ರಗಳ ಹಂಚಿಕೆದಾರರ ಲೆಕ್ಕದ ಪುಸ್ತಕದಲ್ಲಿ ನಿಜಾಮನಿಗೆ ಸೋಲೇ ಇಲ್ಲ. ತೆಲಂಗಾಣ, ಮರಾಠವಾಡ, ಬೀದರ-ಕಲಬುರ್ಗಿಗಳನ್ನು ಒಳಗೊಂಡ ಪ್ರದೇಶವನ್ನು ಅವರು 'ನಿಜಾಮ್' ಎಂದೇ ಕರೆಯುತ್ತ ಬಂದರು. ಹೀಗಾಗಿ ಹುಮನಾಬಾದಿನ ಪರದೆಗೆ ಡಬ್ಬಿಗಳು ಬಂದದ್ದು ಬೆಂಗಳೂರಿನಿಂದಲ್ಲ, ಹೈದರಾಬಾದಿನಿಂದ, ಅದೇ ಪುಣೆ-ಹೈದರಾಬಾದು ಹೆದ್ದಾರಿಯ ಮೇಲೆ. ಅವುಗಳೊಡನೆ ಬಂದ ಹಾಳೆಗಳ ಮೇಲೆ ಚಿತ್ರದ ಹೆಸರು ಮೂರು ಲಿಪಿಗಳಲ್ಲಿ: ಇಂಗ್ಲಿಷು, ನಾಗರಿ, ಉರ್ದು. ಚೌಕದಲ್ಲಿ ನಿಂತ ಮೂವರು ಮೂರು ಲಿಪಿ ಓದಿ ಒಂದೇ ಚಿತ್ರಕ್ಕೆ ಹೋಗುತ್ತಿದ್ದರು. ಒಂದೇ ಕಡೆ ನಗುತ್ತಿದ್ದರು.

ಕನ್ನಡದ ಹಾಳೆಗಳಲ್ಲಿ ಮಾಸ್ತರರಿಗೆ ಪ್ರಾಣವಾದದ್ದು 'ಪ್ರೊಫೆಸರ್ ಹುಚ್ಚೂರಾಯ'. 1954ರ 'ಬೇಡರ ಕಣ್ಣಪ್ಪ'ದಿಂದ ಮೊದಲುಗೊಂಡು ಎಷ್ಟೋ ಚಿತ್ರಗಳ ಪೋಸ್ಟರುಗಳಲ್ಲಿ ಮೂಲೆಯನ್ನೇ ತನ್ನ ಪಾಲೆಂದು ಒಪ್ಪಿಕೊಂಡಿದ್ದ ನರಸಿಂಹರಾಜು, 1974ರಲ್ಲಿ ತಾವೇ ನಿರ್ಮಾಪಕರಾಗಿ, ತಾವೇ ಹುಚ್ಚೂರಾಯರಾಗಿ ಹಾಳೆಯ ನಡುವಿಗೆ ಬಂದರು. ಐದು ವರ್ಷಗಳಲ್ಲಿ, 1979ರಲ್ಲಿ, ತೀರಿಕೊಂಡರು. ನಗಿಸುವವನಿಗೆ ನಡುಸ್ಥಾನ ದೊರೆತ ಪೋಸ್ಟರುಗಳು ಅಪರೂಪ; ಮಾಸ್ತರರು ಅಂಥವನ್ನೇ ಹುಡುಕುವುದು.

ಅವರನ್ನು ಬಹುಕಾಲ ಕಾಡಿದ್ದು 1968ರ 'ಪಡೋಸನ್'. ನೆರೆಮನೆಯ ಹುಡುಗಿಯನ್ನು ಒಲಿಸಿಕೊಳ್ಳಲು ಹಾಡು ಬಾರದ ಸುನೀಲದತ್ತನು ತುಟಿ ಆಡಿಸುವುದು, ಮರೆಯಲ್ಲಿ ನಿಂತ ಕಿಶೋರಕುಮಾರನು ಹಾಡುವುದು, ಜುಟ್ಟಿನ ಸಂಗೀತ ಮಾಸ್ತರನಾಗಿ ಮೆಹಮೂದನು ಪೈಪೋಟಿಗೆ ಇಳಿಯುವುದು, ಇದು ಕಥೆ. ಒಬ್ಬನ ಬಾಯಿ, ಇನ್ನೊಬ್ಬನ ದನಿ. ಅಸಲು-ನಕಲಿನ ಕಥೆಯೇ ಅದು. ಆ ಚಿತ್ರದ ಮೂಲ ಪೋಸ್ಟರೆಂದು ನಂಬಿ ಮಾಸ್ತರರು ಒಂದು ಮಹಾನಗರದ ಅಂಗಡಿಯಲ್ಲಿ ಒಂದು ತಿಂಗಳ ಪಿಂಚಣಿಯ ಬಹುಭಾಗವನ್ನು ಸುರಿದು ಬಂದರು. ಮನೆಗೆ ಬಂದು ಬಿಚ್ಚಿದಾಗ ಮಡಿಕೆಯ ಗೆರೆಗಳು ಸ್ಪಷ್ಟವಾಗಿ ಕಂಡವು. ಕೈಯಾಡಿಸಿದರು; ಬೆರಳಿಗೆ ಗೆರೆ ಹತ್ತಲಿಲ್ಲ. ಮಡಿಕೆಯೂ ಚಿತ್ರದಲ್ಲೇ ಅಚ್ಚಾಗಿತ್ತು! ಮೂಲ ಹಾಳೆಯ ಛಾಯಾಚಿತ್ರ ತೆಗೆದು ದಪ್ಪ ನುಣುಪು ಕಾಗದದ ಮೇಲೆ ಇತ್ತೀಚೆಗೆ ಮುದ್ರಿಸಿದ ನಕಲು ಅದು. ಅಸಲು ಹಾಳೆ ತೆಳುವು, ಒರಟು. ಅಂಚಿನಲ್ಲಿ ಮುದ್ರಣಾಲಯದ ಹೆಸರು ಸಣ್ಣಕ್ಷರದಲ್ಲಿ ಚೂಪಾಗಿ ಓದಬರುತ್ತದೆ. ನಕಲಿನಲ್ಲಿ ಆ ಅಕ್ಷರಗಳು ಇರುವೆಯ ಸಾಲಿನಂತೆ ಕದಡಿರುತ್ತವೆ. ಇಷ್ಟನ್ನೂ ಮಾಸ್ತರರು ಕಲಿತದ್ದು ಅಂದು. ಶುಲ್ಕ ದುಬಾರಿ, ಪಾಠ ಮಾತ್ರ ಪಕ್ಕಾ.

ಹೀಗಿರಲು ಹುಮನಾಬಾದಿನ ರದ್ದಿ ವ್ಯಾಪಾರಿಯೊಬ್ಬನು ಸುದ್ದಿ ತಂದ: ಊರಲ್ಲೊಬ್ಬ ಮುದುಕ ಚಾಚಾ ಇದ್ದಾನೆ, ಹಿಂದೆ ಟಾಕೀಸಿಗೆ ಪೋಸ್ಟರು ಹಚ್ಚುತ್ತಿದ್ದವನು, ಅವನ ಟ್ರಂಕಿನಲ್ಲಿ ಹಚ್ಚದ 'ಪಡೋಸನ್' ಒಂದಿದೆ. ಮಾಸ್ತರರು ಮರುದಿನ ಬೆಳಗಿನ ಬಸ್ಸು ಹಿಡಿದರು.

ಎಪ್ಪತ್ತೈದು ದಾಟಿದ ಚಾಚಾ ಟ್ರಂಕಿನ ತಳದಿಂದ, ಹಳೆಯ ಚಾದರದ ಅಡಿಯಿಂದ, ಹಾಳೆಯನ್ನು ತೆಗೆದು ಹಾಸಿದರು. ಮಾಸ್ತರರು ಬೆರಳಾಡಿಸಿದರು. ಗೆರೆ ಹತ್ತಿತು. ಅಂಚಿನ ಅಕ್ಷರ ಚೂಪಾಗಿತ್ತು. ಮೆಹಮೂದನ ಜುಟ್ಟಿನ ಬಣ್ಣ ಕೂಡ ಮಾಸಿರಲಿಲ್ಲ.

"ಎಷ್ಟಕ್ಕ ಕೊಡ್ತೀರಿ ಚಾಚಾ?"

"ಮಾರಲಿಕ್ಕ ಇದು ನಂದಲ್ಲ, ಮಾಸ್ತರ್ ಸಾಬ್. ಮಾಲಕರದು."

ಮಾಲಕರು ಕಾಲವಾಗಿ ಎಷ್ಟೋ ವರ್ಷಗಳಾಗಿವೆ; ಟಾಕೀಸಿದ್ದ ಜಾಗದಲ್ಲಿ ಈಗ ಗೋದಾಮಿದೆ. ಇದನ್ನು ತಿಳಿಸಿದರೂ ಚಾಚಾ ತಲೆಯಾಡಿಸಲಿಲ್ಲ. ಬಳಿಕ ತಾವಾಗಿಯೇ ಹೇಳಿದರು. 1972ರ ಬರಗಾಲ. ಜೋಳ ಕಣ್ಣಿಗೆ ಬೀಳದ ವರ್ಷ. ಮನೆಯಲ್ಲಿ ಮೂರು ಮಕ್ಕಳು. 'ಪಡೋಸನ್' ಬಿಡುಗಡೆಯಾದ ಎಷ್ಟೋ ವರ್ಷದ ಮೇಲೆ ಸವೆದ ಪ್ರತಿಯಾಗಿ ಹುಮನಾಬಾದಿಗೆ ಬಂದಿತ್ತು. ಗುರುವಾರ ರಾತ್ರಿ ಮಾಲಕರ ಮನುಷ್ಯ ಅಂಟಿಗೆಂದು ಒಂದು ಸೇರು ಮೈದಾ ಅಳೆದುಕೊಟ್ಟ.

"ಗಂಜಿ ಕುದಿಸಿದೆ. ದಿನಾ ಕುದಿಸೂ ಗಂಜೀನೇ. ಮೈಲುತುತ್ತದ ಬದಲು ಉಪ್ಪು ಹಾಕಿದೆ. ಅಷ್ಟೇ ಫರಕ್."

ಮಕ್ಕಳು ಉಂಡ ಪಾತ್ರೆಯನ್ನು ತೊಳೆದ ನೀರಿನಲ್ಲಿ ಎರಡು ಹಾಳೆ ಹಚ್ಚಿದರಂತೆ. ಮಧ್ಯಾಹ್ನದ ಗಾಳಿಗೆ ಎರಡೂ ಬಿದ್ದವು. ಮೂರನೆಯದು ಟ್ರಂಕು ಸೇರಿತು. ಯಾರೂ ಕೇಳಲಿಲ್ಲ. ಕೇಳಲಿಲ್ಲವೆಂಬುದೇ ಅವರನ್ನು ಐವತ್ತು ವರ್ಷ ಕೇಳುತ್ತ ಬಂದದ್ದು.

"ಹಿಟ್ಟು ತಗೊಂಡೀನಿ, ಮಜೂರಿ ತಗೊಂಡೀನಿ, ಕೆಲಸ ಮಾಡಿಲ್ಲ. ಸಾಯೂದ್ರೊಳಗ ಇದನ್ನ ಗೋಡಿಗೆ ಹಚ್ಚಬೇಕು. ಕೈ ನಡುಗ್ತದ, ಏಣಿ ಹಿಡಿಯೋರಿಲ್ಲ. ನೀವು ಹಿಡೀತೀರೇನು?"

ಮಾಸ್ತರರು ನಿರುತ್ತರರಾದರು. ಹಚ್ಚಿದರೆ ಹಾಳೆ ಹೋಯಿತು. ಬೇಡವೆಂದರೆ ಮುದುಕನ ಭಾರ ಉಳಿಯಿತು. 'ಆಲೋಚನೆ ಮಾಡಿ ಬರ್ತೀನಿ' ಎಂದು ಎದ್ದು ಬಂದರು. ಸಾಲ ತೀರಿಸುವ ವಿಚಾರವನ್ನು ವಿಸ್ತಾರವಾಗಿ ಚರ್ಚಿಸುವ 'ಮಿತಾಕ್ಷರ'ವನ್ನು ವಿಜ್ಞಾನೇಶ್ವರನು ಬರೆದದ್ದು ಇದೇ ಕಲ್ಯಾಣದಲ್ಲಿ. ಆದರೆ ಮಕ್ಕಳು ಉಂಡ ಅಂಟಿನ ಸಾಲವನ್ನು ಯಾವ ಕಾಗದದಿಂದ ತೀರಿಸಬೇಕೆಂದು ಯಾವ ಧರ್ಮಶಾಸ್ತ್ರಜ್ಞನೂ ಹೇಳಿಲ್ಲ.

ದಾರಿ ತೋರಿಸಿದ್ದು ಮನೆಯಾಕೆ. ರೊಟ್ಟಿ ತಟ್ಟುತ್ತಲೇ ಕೇಳಿದರು: "ಆ ಮೋಸದ್ದೊಂದು ಅದ ಅಲ್ಲ, ನುಣುಪಿಂದು? ಅದನ್ನ ಹಚ್ಚಿದ್ರ ಆಗೂದಿಲ್ಲೇನು?"

ಮಾಸ್ತರರಿಗೆ ಮೊದಲು ಸಿಟ್ಟು ಬಂತು. ತಾವು ಮೋಸಹೋದ ವಸ್ತುವಿನಿಂದ ಇನ್ನೊಬ್ಬ ಪ್ರಾಮಾಣಿಕನಿಗೆ ಮೋಸ ಮಾಡುವುದೇ? ಎರಡು ದಿನ ಕಳೆದ ಮೇಲೆ, ಮೋಸ ಮಾಡದೆಯೂ ಅದನ್ನು ಒಯ್ಯಬಹುದೆಂದು ಹೊಳೆಯಿತು. ನಕಲು ಹಾಳೆಯನ್ನು ಸುರುಳಿ ಸುತ್ತಿ, ಕಿರಾಣಿ ಅಂಗಡಿಯಲ್ಲಿ ಮೈದಾವನ್ನೂ ಮೈಲುತುತ್ತವನ್ನೂ ಕೊಂಡು ಹುಮನಾಬಾದಿಗೆ ನಡೆದರು. ಚಾಚಾನ ಮುಂದೆ ಎಲ್ಲವನ್ನೂ ಇಟ್ಟು, ಇದು ನಕಲಿಯೆಂದು ತಾವೇ ಹೇಳಿದರು.

ಚಾಚಾ ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ನಕಲಿಯೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಪುಡಿಕೆ ಬಿಚ್ಚಿ ಹಿಟ್ಟನ್ನು ಬೆರಳಲ್ಲಿ ಮುಟ್ಟಿದರು.

"ಮೈದಾ ಅಸಲಿ ಅದ ಅಲ್ಲ?"

"ಹೌದ್ರಿ."

"ನನ್ನ ಸಾಲ ಹಿಟ್ಟಿಂದು, ಮಾಸ್ತರ್ ಸಾಬ್. ಕಾಗದದ್ದಲ್ಲ."

ಅಂದು ರಾತ್ರಿ ಗೋದಾಮಿನ ಪಕ್ಕದ ಗೋಡೆಗೆ, ಗೋದಾಮಿನವರ ಒಪ್ಪಿಗೆ ಪಡೆದು, ಹಾಳೆ ಹಚ್ಚಿದ್ದಾಯಿತು. ಅಂಟು ಕುದಿಸಿದ್ದು ಚಾಚಾ. ಅಳತೆಗೆ ಒಂದು ಚಮಚ ಹೆಚ್ಚಾಗಿಯೇ ಮೈಲುತುತ್ತ ಹಾಕಿದರು. ಏಣಿ ಹಿಡಿದದ್ದು ಮಾಸ್ತರರು. ನಡುಗುವ ಕೈ ಕುಂಚ ಹಿಡಿದೊಡನೆ ಹೇಗೆ ನಿಂತಿತೋ, ಒಂದು ಗುಳ್ಳೆಯೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಟ ಹುಡುಗರು ಗುಂಪಾಗಿ ನಿಂತು, ಚಿತ್ರ ಯಾವ ಟಾಕೀಸಿನಲ್ಲೆಂದು ಕೇಳಿದರಂತೆ. ಜುಟ್ಟಿನವನನ್ನು ನೋಡಿ ನಕ್ಕರಂತೆ.

ಇನ್ನು ಅಸಲು ಹಾಳೆ. "ಈಗ ಕೆಲಸ ಮುಗೀತು, ಉಳಿದ ಹಾಳಿ ನಂದು. ಈಗ ಮಾರಬಹುದು" ಎಂದು ಚಾಚಾ ಚೌಕಾಶಿಗೆ ಕುಳಿತರು. ಮಾಸ್ತರರು ಮೊದಲ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಬಂದ ಬೆಲೆಗಿಂತ ಸಾವಿರ ರೂಪಾಯಿ ಹೆಚ್ಚೇ ಕೇಳಿದರು. ಒಂದು ಪೈ ಇಳಿಸಲಿಲ್ಲ. ಪ್ರಾಮಾಣಿಕತೆ ಬೇರೆ, ವ್ಯಾಪಾರ ಬೇರೆ. ಹಣ ಎಣಿಸಿ ಕೊಟ್ಟು ಬಸ್ಸೇರಿದ ಮಾಸ್ತರರು ದಾರಿಯಲ್ಲಿ ಒಬ್ಬರೇ ನಕ್ಕರೆಂದು, ಅದೇ ಬಸ್ಸಿನಲ್ಲಿದ್ದ ಅವರ ಹಳೆಯ ವಿದ್ಯಾರ್ಥಿಯೊಬ್ಬ ಊರಲ್ಲಿ ಸಾರಿದ್ದಾನೆ. ಊರು ನಂಬಿಲ್ಲ.

ಅಸಲು ಪೋಸ್ಟರು ಈಗ ಅಟ್ಟದ ಮೇಲೆ ಬೇವಿನೆಲೆಯ ನಡುವೆ ಕ್ಷೇಮವಾಗಿದೆ. ಅದನ್ನು ಬಿಚ್ಚಿ ನೋಡುವುದು ವರ್ಷಕ್ಕೊಮ್ಮೆ. ಆದರೆ ಹುಮನಾಬಾದಿಗೆ ಹೋದಾಗಲೆಲ್ಲ ಮಾಸ್ತರರು ಗೋದಾಮಿನ ಓಣಿಗೆ ಹೊರಳಿ ಹೋಗುತ್ತಾರೆ. ಒಂದು ಮಳೆಗಾಲ ಕಳೆದು ಬಣ್ಣ ಬಿಳುಚಿದೆ, ಕೆಳಗಿನ ಮೂಲೆ ಹರಿದಿದೆ. ಹಾಳೆ ಮಾತ್ರ ಗೋಡೆ ಬಿಟ್ಟಿಲ್ಲ. ಅಂಟು ಗಟ್ಟಿಯಾಗಿದೆ.