ಮೂರು ಕೊಳಗದ ಹೊಲ

ದೇವನಹಳ್ಳಿಯ ಕಡೆ ನಮಗೊಂದು ಹೊಲವಿದೆ. ಅದು ಎಷ್ಟು ದೊಡ್ಡದೆಂದು ಕೇಳಿದರೆ ನಮ್ಮ ಮನೆಯಲ್ಲಿ ಮೂರು ಉತ್ತರಗಳುಂಟು. ಅಜ್ಜಿ ಇರುವವರೆಗೂ ಅದು ‘ಮೂರು ಕೊಳಗದ ಹೊಲ’. ತಂದೆಯವರಿಗೆ ಎರಡು ಎಕರೆ. ಕಳೆದ ತಿಂಗಳು ಮನೆಗೆ ಬಂದ ದಳ್ಳಾಳಿಯ ಲೆಕ್ಕದಲ್ಲಿ 87,120 ಚದರಡಿ.

ನಾನು ಕನ್ನಡದ ಮೇಷ್ಟ್ರು. ಲೆಕ್ಕವೆಂದರೆ ಮೊದಲಿನಿಂದಲೂ ಅಂಜಿಕೆ. ಆದರೂ ಆತ ಹೋದ ಮೇಲೆ ಕಾಗದದ ಮೇಲೆ ಹಾಕಿ ನೋಡಿದೆ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ 40 ಗುಂಟೆ ಒಂದು ಎಕರೆ. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದರೆ ನನಗೆ ಸಂತೋಷವಾಗುತ್ತಿತ್ತೋ ಏನೋ!

ಅಜ್ಜಿಯ ಅಳತೆಯನ್ನು ಮಾತ್ರ ವಿಜ್ಞಾನಿಗಳು ಒಪ್ಪಲಾರರು. ಕೊಳಗ ಕಾಳು ಅಳೆಯುವ ಪಾತ್ರೆ. ಇಪ್ಪತ್ತು ಕೊಳಗ ಒಂದು ಖಂಡುಗ. ಅದರಿಂದ ನೆಲವನ್ನು ಅಳೆಯುವುದು ಹೇಗೆ? ಶಾಸನಗಳನ್ನು ಓದಿದವರಿಗೆ ಇದು ಹೊಸತಲ್ಲ. ಎಷ್ಟು ಬೀಜ ಬಿತ್ತಲು ಬರುತ್ತದೋ ಅಷ್ಟು ಭೂಮಿ, ಅದೇ ಬೀಜವರಿ. ಆದ್ದರಿಂದಲೇ ಖಂಡುಗ ಗದ್ದೆಯೂ ಖಂಡುಗ ಹೊಲವೂ ಒಂದೇ ವಿಸ್ತೀರ್ಣದವಲ್ಲ. ಹೊಲವೇ ಬಹಳ ದೊಡ್ಡದು.

ಅಜ್ಜಿ ರಾಗಿ ಅಳೆಯುವಾಗ ‘ಒಂದು’ ಎನ್ನುತ್ತಿರಲಿಲ್ಲ. ‘ಲಾಭ’ ಎಂದೇ ಆರಂಭ. ಕಳೆ ಕೀಳಲು ಬಂದವಳಿಗೆ ಸೇರಿನ ಮೇಲೆ ಗೋಪುರವೇಳುವಂತೆ ಅಳೆಯುತ್ತಿದ್ದಳು. ವರ್ತಕನಿಗಾದರೆ ಅಂಗೈಯಿಂದ ತಲೆ ಸವರಿಬಿಡುತ್ತಿದ್ದಳು. ಸೇರು ಒಂದೇ, ನ್ಯಾಯ ಎರಡು. ಇದನ್ನು ಔದಾರ್ಯವೆಂದು ಹೊಗಳಹೊರಟ ನಾನೇ ತಡೆದು ನಿಲ್ಲುತ್ತೇನೆ. ಅದೇ ಕೈಚಳಕ ಸಾಲ ಕೊಟ್ಟವನಿಗೂ ಬರುತ್ತಿತ್ತಲ್ಲ! ಕೊಡುವಾಗ ಸವರಿದ ಸೇರು, ಹಿಂದಕ್ಕೆ ಪಡೆಯುವಾಗ ಗೋಪುರದ ಸೇರು. 1956ರ ತೂಕ ಮತ್ತು ಅಳತೆಗಳ ಕಾಯಿದೆ ಕಿಲೋ, ಮೀಟರುಗಳನ್ನು ತಂದಾಗ ಉಸಿರಾಡಿದವನು ಬಡವನೇ ಇರಬೇಕು. ಆ ಕಿಲೋಗೂ ಒಂದು ಕಾಲಕ್ಕೆ ಪ್ಯಾರಿಸಿನ ಬಳಿ ಕಾಪಾಡಿಟ್ಟ ಲೋಹದ ತುಂಡೇ ಪ್ರಮಾಣವಾಗಿತ್ತು. 2019ರ ಮೇ 20ರಿಂದ ಅದೂ ಹೋಗಿ, ಪ್ರಕೃತಿಯ ಒಂದು ಸ್ಥಿರಾಂಕವೇ ಆಧಾರವಾಗಿದೆ. ಇನ್ನು ಯಾವ ಅಂಗೈಯೂ ಅದನ್ನು ಸವರಲಾರದು.

ಇಷ್ಟೆಲ್ಲ ಒಪ್ಪಿಕೊಂಡರೂ ಮನಸ್ಸಿಗೆ ಸಮಾಧಾನವಿಲ್ಲ. ಅಳತೆ ಬರಿಯ ಉತ್ತರವಲ್ಲ, ಅದೊಂದು ಪ್ರಶ್ನೆ. ಈ ನೆಲಕ್ಕೆ ಎಷ್ಟು ಬೀಜ ಬೇಕು ಎಂದು ಕೊಳಗ ಕೇಳುತ್ತದೆ. ನಿನ್ನ ಬದು ಎಲ್ಲಿ ಮುಗಿಯಿತು ಎಂದು ಎಕರೆ ಕೇಳುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಹಳ್ಳಿಗಳಲ್ಲಿ ಮನೆಮಾತಾದ ಚದರಡಿಗೆ ಒಂದೇ ಕುತೂಹಲ: ಎಷ್ಟಕ್ಕೆ ಕೊಡುತ್ತೀಯೆ?

ತಮ್ಮನಿಗೆ ಸಾಲವಿದೆ. ಅದು ಚದರಡಿಯಲ್ಲಿ ತೀರುತ್ತದೆ, ಕೊಳಗದಲ್ಲಿ ತೀರುವುದಿಲ್ಲ. ಅವನು ಮಾರೋಣವೆಂದರೆ ಬೇಡವೆನ್ನಲು ಸಂಬಳದ ಮನುಷ್ಯನಾದ ನನಗೆ ಬಾಯಿಲ್ಲ.

ದಳ್ಳಾಳಿ ಎದ್ದು ಹೋದ ಮೇಲೆ ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಸಂಜೆ ಜಗಲಿಯಲ್ಲಿ ಕುಳಿತು, ಮೋಡದ ಕಡೆ ನೋಡುತ್ತ ಕೇಳಿದರು: “ಈ ಸಲ ಬಿತ್ತನೆಗೆ ಎಷ್ಟು ರಾಗಿ ತರಬೇಕಾದೀತು?”

ತಮ್ಮ ನನ್ನ ಮುಖ ನೋಡಿದ. ನಾನು ಕಿಲೋ ಲೆಕ್ಕದಲ್ಲಿ ಒಂದು ಅಂದಾಜು ಹೇಳಿದೆ. ಸದ್ಯಕ್ಕೆ ಆ ರಾಗಿಯನ್ನು ತಂದಿಟ್ಟಿದ್ದೇವೆ.