ಕೊಂಡಿ ನೋಡಿ ತಗೋ

ಬನದ ಹುಣ್ಣಿಮೆಯ ತೇರು ಮುಗಿದ ಮೂರನೇ ದಿನ ಬನಶಂಕರಿ ಜಾತ್ರೆಯಲ್ಲಿ ಅವ್ವನಿಗೊಂದು ಇಳಕಲ್ ಸೀರೆ ಕೊಂಡೆ. ಎಷ್ಟೋ ತಿಂಗಳ ಫೆಲೋಶಿಪ್ ಹಣ ಒಟ್ಟಿಗೇ ಬಂದಿತ್ತು. ಅಂಗಡಿಯವನು "ಅಪ್ಪಟ ಕೈಮಗ್ಗದ್ದು" ಎಂದ. ನಾನು 3,200 ರೂಪಾಯಿ ಎಣಿಸಿಕೊಟ್ಟೆ.

ಚೊಳಚಗುಡ್ಡದಲ್ಲಿ ಅತ್ತಿ ಸೆರಗಷ್ಟೇ ಬಿಚ್ಚಿ, ಅದು ಮೈಯನ್ನು ಸೇರುವ ಜಾಗದ ಮೇಲೆ ಹೆಬ್ಬೆರಳು ಎಳೆದಳು. "ಕೊಂಡೀನ ಇಲ್ಲಲ್ಲವಾ ತಂಗಿ. ಇದು ಮಷಿನ್ನಿಂದು."

ಇಳಕಲ್ ಸೀರೆಯ ಗುಟ್ಟು ಅಲ್ಲೇ ಇದೆ. ಮೈಯ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು, ಅದು ಕೊಂಡಿ. ಆಮೇಲೆ ಸೆರಗಿನಲ್ಲಿ ಬಿಳಿಯ ತೆನೆ, ಹಣಿಗೆ, ಕೋಟೆಯ ಸಾಲು ಏಳುತ್ತವೆ. ವಿದ್ಯುತ್ ಮಗ್ಗದ ನಕಲು ತೆನೆಯನ್ನು ತೋರಿಸುತ್ತದೆ, ಕೊಂಡಿಯ ಗಂಟನ್ನಲ್ಲ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಆಯಿತು. ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ 2006ರಲ್ಲಿ ಬಂತು. ನನ್ನ ಸೀರೆಗೆ ಯಾವ ಚೀಟಿಯೂ ಇರಲಿಲ್ಲ, ಪಿಎಚ್‌ಡಿ ಮಾಡುವ ನಾನು ಹುಡುಕಿರಲೂ ಇಲ್ಲ.

ಹಾಸ್ಟೆಲಿನ ಗೆಳತಿಯೊಬ್ಬಳಿಗೆ ಊಲಾಂಗ್ ಚಹದ ಹುಚ್ಚು. ಪೊಟ್ಟಣದ ಮೇಲೆ ತೈವಾನಿನ ಯಾವ ಬೆಟ್ಟ, ಯಾವ ಋತುವಿನ ಎಲೆ ಎಂಬುದೆಲ್ಲ ಓದಿಯೇ ಕೊಳ್ಳುತ್ತಾಳೆ. ಆದರೂ ವಿಯೆಟ್ನಾಮಿನ ಎಲೆಯನ್ನು ತೈವಾನಿನದೆಂದು ಮಾರುವವರಿದ್ದಾರಂತೆ. "ಬೆಳೆದವರನ್ನೇ ನೇರವಾಗಿ ಹಿಡಿಯಬೇಕು" ಅನ್ನುವುದು ಅವಳ ಮಾತು. ನನಗೂ ಅದೇ ತಲೆಯಲ್ಲಿ ಕೂತಿತು.

ಬಸ್ಸು ಹಿಡಿದು ಇಳಕಲ್ಲಿಗೆ ಹೊರಟೆ. ದಾರಿಯಲ್ಲಿ ಅಮೀನಗಡದ ಕರದಂಟು ಕೊಂಡೆ. ಅದರ ಬೆಲ್ಲ ಯಾರ ಹೊಲದ್ದೆಂದು ಕೇಳಲಿಲ್ಲ. ಎಲ್ಲಕ್ಕೂ ಪಂಚನಾಮೆ ಮಾಡುತ್ತ ಕೂತರೆ ತಿನ್ನುವುದು ಯಾವಾಗ?

ಅತ್ತಿಯ ಪರಿಚಯದವರ ಮನೆ. ಒಳಗೆ ಕುಣಿಮಗ್ಗ. ಕಾಕಾ ಕಾಲು ಕುಣಿಯೊಳಗೆ ಇಳಿಬಿಟ್ಟು ನೇಯುತ್ತಿದ್ದರು. ಕಾಕಿ ಬಾಗಿಲ ಬೆಳಕಿಗೆ ಕೂತು ಎಳೆ ಕೂಡಿಸುತ್ತಿದ್ದರು. ನಾನು ನೋಡುತ್ತ ಕೂತ ಅರ್ಧ ಗಂಟೆಯಲ್ಲಿ ಅವರ ಬೆರಳು ನಿಲ್ಲಲಿಲ್ಲ, ಕೆಲಸ ಮುಂದೆ ಹೋದದ್ದು ಮಾತ್ರ ಒಂದು ಗೇಣೂ ಇಲ್ಲ.

"ನಿಮ್ಮಿಂದನ ಒಂದು ಸೀರಿ ತಗೊಳ್ಳಬೇಕಂತ ಬಂದೀನ್ರಿ ಕಾಕಾ," ಎಂದೆ.

ಕಾಕಾ ಮಗ್ಗ ನಿಲ್ಲಿಸಿದರು. "ಸೀರಿ ನಮ್ಮದೆಲ್ಲೈತವಾ? ನೂಲು ಸಾವ್ಕಾರ್ದು, ರೇಷ್ಮಿ ಸಾವ್ಕಾರ್ದು. ನಮ್ಮದು ಕೂಲಿ ಅಷ್ಟ. ಇದನ್ನ ನಿನಗ ಕೊಟ್ಟರ ನಾಳೆ ಹಾಸು ಬರೂದಿಲ್ಲ."

"ಕೂಲಿ ಕಾಕಾರಿಗೆ. ಕೊಂಡಿಗೆ?" ಕಾಕಿಯ ಕಡೆ ತಿರುಗಿ ಕೇಳಿದೆ.

ಕಾಕಿ ನಕ್ಕರು. "ಅದು ಮನಿ ಕೆಲಸದಾಗ ಬಂತಲ್ಲ."

ನೇರವಾಗಿ ಕೊಳ್ಳುವುದೆಂದರೆ ನ್ಯಾಯ ಎಂದುಕೊಂಡೇ ಬಂದಿದ್ದೆ. ನನ್ನ 3,200 ರೂಪಾಯಿ ತಂದು ಇಲ್ಲಿ ಸುರಿದರೆ ಇವರ ಮಗ್ಗ ನಿಲ್ಲುತ್ತಿತ್ತು. ಸಾವ್ಕಾರನನ್ನು ಬೈಯುವುದೂ ಸುಲಭವಿರಲಿಲ್ಲ. ಮಾರಾಟವಾಗದ ಸೀರೆ ಅವನ ಗಂಟಲಿಗೆ ಬೀಳುತ್ತದೆ, ಇವರ ಗಂಟಲಿಗಲ್ಲ. ಅದನ್ನು ಹೇಳಿದವರೂ ಕಾಕಾನೇ.

ಚಹ ಕುಡಿದ ಮೇಲೆ ಕಾಕಿ ಒಂದು ದಾರಿ ಹೇಳಿದರು. ನೂಲಿಗೂ ರೇಷ್ಮೆಗೂ ನಾನೇ ಮುಂಗಡ ಕೊಟ್ಟರೆ, ಸಾವ್ಕಾರನ ಒಂದು ಹಾಸು ಮುಗಿದು ಇನ್ನೊಂದು ಬರುವ ಮಧ್ಯೆ ನೇಯ್ದುಕೊಡಬಹುದು. ನಾನು ಕೊಂಡಿಗೆ ಬೇರೆ ಲೆಕ್ಕ ಹಾಕಿ ಎಂದೆ. ಎಷ್ಟೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಅದಕ್ಕೆ ಯಾವತ್ತೂ ಬೆಲೆ ಕಟ್ಟಿರಲಿಲ್ಲ. ಕೊನೆಗೆ ಕಾಕಿಯೇ ಅಳುಕುತ್ತ ಒಂದು ಮೊತ್ತ ಹೇಳಿ, ಹೆಚ್ಚಾಯಿತೇನೋ ಎಂಬಂತೆ ಗಂಡನ ಮುಖ ನೋಡಿದರು.

ಯುಗಾದಿಯ ಆಚೆ ಸೀರೆ ಬಂತು. ಅತ್ತಿ ಹೆಬ್ಬೆರಳು ಹಚ್ಚಿ, ಏನೂ ಹೇಳದೆ ಮಡಚಿಟ್ಟಳು. ಈಗ ಮೂವರು ಗೆಳತಿಯರು ನಂಬಿಕಸ್ಥರ ವಿಳಾಸ ಕೊಡು ಎಂದು ದುಂಬಾಲು ಬಿದ್ದಿದ್ದಾರೆ. ಕೊಂಡಿ ನೋಡುವುದನ್ನು ಕಲಿಸಿಕೊಟ್ಟೆ. ಓಣಿಯ ಹೆಸರು ಮಾತ್ರ ಹೇಳಿಲ್ಲ, ಇಲ್ಲೂ ಬರೆಯುತ್ತಿಲ್ಲ.