ಗೋಡೆ ಬೆವರುವ ಬಚ್ಚಲು: ಗೋಕಾಕದಿಂದ ಹುಕ್ಕೇರಿಗೆ

ಬೆಳಗಾವಿ ಜಿಲ್ಲೆಯ ಗೋಕಾಕಕ್ಕೆ ಹೋದವರು ಜಲಪಾತ ನೋಡದೆ, ಕರದಂಟು ಕಟ್ಟಿಸಿಕೊಳ್ಳದೆ ಮರಳುವುದಿಲ್ಲ. ಘಟಪ್ರಭಾ ನದಿ ಇಲ್ಲಿ ಸುಮಾರು 52 ಮೀಟರ್ ಎತ್ತರದ ಬಂಡೆಯಿಂದ ಧುಮುಕುತ್ತದೆ. ಮಳೆಗಾಲದಲ್ಲಿ ಕೆಂಪು ನೀರಿನ ಆರ್ಭಟ ದೂರದಿಂದಲೇ ಕೇಳಿಸುತ್ತದೆ, ತುಂತುರು ಮುಖಕ್ಕೆ ತಾಗುತ್ತದೆ. ನಾನು ಹೋದದ್ದೂ ಮಳೆಗಾಲದಲ್ಲಿಯೇ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ನೆಂಟರ ಮನೆಗಳಲ್ಲಿ ಉಳಿದ ಆ ದಿನಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜಲಪಾತವಲ್ಲ, ಮನೆಗಳ ಬಚ್ಚಲು.

ಗೋಕಾಕದ ಆ ಹಳೆಯ ಮನೆಯಲ್ಲಿ ಇಂದಿಗೂ ಬಚ್ಚಲ ಒಲೆ ಇದೆ. ಕಟ್ಟೆಯೊಳಗೆ ಹುದುಗಿಸಿದ ತಾಮ್ರದ ಹಂಡೆ, ಅದರ ಕೆಳಗೆ ಕಟ್ಟಿಗೆ ಉರಿ. ನೀರು ಕಾಯುವಾಗ ಕಟ್ಟೆಯೂ ಗೋಡೆಯೂ ಕಾಯುತ್ತವೆ. ಎಲ್ಲರ ಜಳಕ ಮುಗಿದ ಮೇಲೂ ಕೆಂಡದ ಬಿಸಿ ಉಳಿದು ನೆಲ ಬೇಗ ಒಣಗುತ್ತದೆ. ಪಕ್ಕದಲ್ಲೇ ಕಟ್ಟಿದ ಹೊಸ ಬಚ್ಚಲಿಗೆ ಟೈಲ್ಸ್, ಕನ್ನಡಿ, ಗೀಸರ್ ಎಲ್ಲ ಬಂದಿವೆ. ಆದರೆ ಅದರ ಗೋಡೆಗಳ ಮೇಲೆ ಸದಾ ಹನಿ, ಮೂಲೆಯಲ್ಲಿ ಕಪ್ಪು ಬೂಷ್ಟು. ಮನೆಯ ಹಿರಿಯ ಖಾಲಾ ನಕ್ಕು ಹೇಳಿದರು: "ಒಲಿ ಇದ್ದಾಗ ಗ್ವಾಡಿ ಬೆವರತಿರಲಿಲ್ಲ ಬೇಟಿ. ಈಗ ನಾವೂ ಬೆವರತೀವಿ, ಗ್ವಾಡೀನೂ ಬೆವರತಾವ."

ಗೋಡೆ ಬೆವರುವುದು ಏಕೆ? ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಇರುತ್ತದೆ. 30 ಡಿಗ್ರಿ ಬಿಸಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ ಮಾತ್ರ ಹಿಡಿಯುತ್ತದೆ. ಬಿಸಿನೀರಿನ ಆವಿ ತುಂಬಿದ ಗಾಳಿ ತಣ್ಣನೆಯ ಟೈಲ್ಸನ್ನು ಮುಟ್ಟಿದಾಗ ಉಳಿದದ್ದೆಲ್ಲ ಹನಿಯಾಗಿ ಇಳಿಯುತ್ತದೆ. ಆ ತೇವದಲ್ಲಿ ಬೂಷ್ಟು ಬೆಳೆಯುತ್ತದೆ, ಉಬ್ಬಸ ಇರುವವರಿಗೆ ತೊಂದರೆ ಹೆಚ್ಚುತ್ತದೆ. ವುಝೂ ಮಾಡಲು ನಸುಕಿನಲ್ಲಿ ಎದ್ದ ವೃದ್ಧರು ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಮತ್ತೆ ಎದ್ದು ಓಡಾಡುವುದೇ ಕಷ್ಟ.

ಗೋಕಾಕದಿಂದ ಮೂಡಲಗಿಯ ದಾರಿಯುದ್ದಕ್ಕೂ ಕಬ್ಬು. ಮೊದಲು ಗೋಕಾಕ ತಾಲೂಕಿಗೆ ಸೇರಿದ್ದ ಮೂಡಲಗಿ ಈಗ ತಾನೇ ಒಂದು ತಾಲೂಕು. ಅಲ್ಲೊಂದು ಬೆಲ್ಲದ ಗಾಣವನ್ನು ನೋಡಲು ಹೋದೆವು. ನೆಲದೊಳಗೆ ತೋಡಿದ ಒಲೆ, ಅದರ ಮೇಲೆ ಅಗಲವಾದ ಕೊಪ್ಪರಿಗೆ, ಉರುವಲಿಗೆ ಒಣಗಿದ ಕಬ್ಬಿನ ಸಿಪ್ಪೆ. ಬಿಸಿ ಹೊಗೆ ನೆಲದಡಿಯಲ್ಲೇ ಹರಿದು ದೂರದ ಚಿಮಣಿಯಿಂದ ಹೊರಬೀಳುತ್ತದೆ. ಆ ಹೊಗೆಯ ದಾರಿಯ ಮೇಲಿನ ನೆಲ ಮಳೆಯಲ್ಲೂ ಬೆಚ್ಚಗಿತ್ತು.

ಹಳೆಯ ಹಮಾಮ್‌ಗಳು ನಡೆದದ್ದೂ ಇದೇ ಉಪಾಯದಿಂದ. ಕಾಶ್ಮೀರದ ಅನೇಕ ಮಸೀದಿಗಳಲ್ಲಿ ಇಂದಿಗೂ ಹಮಾಮ್ ಇದೆ. ಕಲ್ಲುಹಾಸಿನ ಕೆಳಗೆ ಕಟ್ಟಿಗೆ ಉರಿಸುತ್ತಾರೆ, ವುಝೂವಿಗೆ ಬಿಸಿನೀರು ಸಿಗುತ್ತದೆ, ಚಳಿಗಾಲದಲ್ಲಿ ಜನ ಆ ಬೆಚ್ಚನೆಯ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ನಮ್ಮ ಬೀದರ್ ಕೋಟೆಯಲ್ಲೂ ಶಾಹಿ ಹಮಾಮ್ ಇತ್ತು. ಆ ಕಟ್ಟಡದಲ್ಲಿ ಈಗ ವಸ್ತುಸಂಗ್ರಹಾಲಯವಿದೆ.

ಮೂಡಲಗಿಯಿಂದ ಹುಕ್ಕೇರಿಗೆ ಬಂದೆವು. ಆದಿಲ್‌ಶಾಹಿ ಕಾಲದ ಗುಮ್ಮಟಗಳ ಊರಿದು. ಹಿಡಕಲ್ ಜಲಾಶಯ ಇರುವುದೂ ಇದೇ ತಾಲೂಕಿನಲ್ಲಿ. ಈ ತಾಲೂಕಿಗೆ ಇನ್ನೊಂದು ಹೆಗ್ಗಳಿಕೆಯಿದೆ. 1969ರಲ್ಲಿ ಇಲ್ಲಿನ ಜನ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡು ಹಳ್ಳಿಗಳಿಗೆ ಕರೆಂಟು ಕೊಟ್ಟರು.

ಅಲ್ಲಿ ಉಳಿದ ಮನೆಯ ಸೊಸೆ ಕೇಳಿದಳು: "ಬ್ರಿಟನ್ನಿನಾಗ ನಮ್ಮ ಮೈದುನನ ಮನ್ಯಾಗ ಬಚ್ಚಲ ನೆಲಾನ ಬೆಚ್ಚಗಿರತದಂತ ಆಪಾ. ನಮ್ಮಲ್ಲೂ ಹಾಕಿಸಬಹುದೇನ್ರೀ?"

ಹಾಕಿಸಬಹುದು. ಟೈಲ್ಸ್ ಕೆಳಗೆ ವಿದ್ಯುತ್ ತಂತಿಯ ಜಾಲರಿ ಹಾಸುತ್ತಾರೆ. ಅದಕ್ಕೆ ಚದರ ಮೀಟರಿಗೆ ಸುಮಾರು 150 ವ್ಯಾಟ್ ಬೇಕು. ಮೂರು ಚದರ ಮೀಟರಿನ ಬಚ್ಚಲಲ್ಲಿ ದಿನಕ್ಕೆ ಎರಡು ತಾಸು ಉರಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ 27 ಯುನಿಟ್. ನೆಲ ಅಗೆಸುವ ಖರ್ಚು ಬೇರೆ. ಅಷ್ಟಾದರೂ ಅದು ನೆಲವನ್ನು ಒಣಗಿಸುತ್ತದೆಯೇ ಹೊರತು ಆವಿಯನ್ನು ಹೊರಗೆ ಹಾಕುವುದಿಲ್ಲ. ಹೊರಹೋಗಲು ದಾರಿಯಿಲ್ಲದಿದ್ದರೆ ಆವಿ ಮೇಲಿನ ಗೋಡೆಯ ಮೇಲೆ, ಕನ್ನಡಿಯ ಮೇಲೆ ಕೂರುತ್ತದೆ. ವರ್ಷದಲ್ಲಿ ಕೆಲವೇ ವಾರ ಚಳಿ ಇರುವ ನಮ್ಮ ಕಡೆ ಅಷ್ಟು ದುಬಾರಿ ಏರ್ಪಾಡು ಬೇಕಿಲ್ಲ.

ಮಾತಾಡುತ್ತ ಅವಳ ಬಚ್ಚಲನ್ನು ನೋಡಿದೆ. ಎದೆ ಧಸಕ್ಕೆಂದಿತು. ಒಳಗೇ ಗ್ಯಾಸ್ ಗೀಸರ್. ತಂಗಾಳಿ ಬರುತ್ತದೆಂದು ಕಿಟಕಿಗೆ ರಟ್ಟು ಬಡಿದಿದ್ದರು. ಕೂಸಿಗೆ ನೀರು ಹಾಕಿ ಬಂದಾಗೆಲ್ಲ ತಲೆ ಸುತ್ತುತ್ತದೆ ಎಂದಳು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ನಂತರ ಎಚ್ಚರ ತಪ್ಪುವುದು. ಸ್ನಾನಕ್ಕೆ ಹೋದವರು ಹೀಗೆ ಹೆಣವಾದ ಸುದ್ದಿಗಳು ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ಬಂದಿವೆ. ಬಚ್ಚಲನ್ನು ಬೆಚ್ಚಗಿಡಲು ಗಾಳಿಯ ದಾರಿ ಮುಚ್ಚುವುದು ಸಾವನ್ನು ಮನೆಯೊಳಗೆ ಕರೆದಂತೆ.

ಅಂದೇ ಸಂಜೆ ಅವಳ ಮಾವನವರು ರಟ್ಟು ಕಿತ್ತರು. ಗೀಸರನ್ನು ಹೊರಗೋಡೆಗೆ ಹಾಕಿಸಿ ಪೈಪಿನಲ್ಲಿ ನೀರಷ್ಟೇ ಒಳಗೆ ಬರುವಂತೆ ಮಾಡಲು ಮರುದಿನ ಮಿಸ್ತ್ರಿಯನ್ನು ಕರೆಸಿದರು. ಅಲ್ಲಿಯವರೆಗೆ ನೀರು ಅಡುಗೆಮನೆಯಲ್ಲೇ ಕಾಯಿತು.

ಉಳಿದದ್ದೆಲ್ಲ ಕಡಿಮೆ ಖರ್ಚಿನ ಕೆಲಸ. ಬಕೆಟಿಗೆ ಮೊದಲು ತಣ್ಣೀರು ಬಿಟ್ಟು ಮೇಲೆ ಬಿಸಿನೀರು ಬಿಟ್ಟರೆ ಆವಿ ಕಡಿಮೆ ಏಳುತ್ತದೆ. ಜಳಕ ಮುಗಿದ ಮೇಲೆ ಗೋಡೆ, ನೆಲದ ನೀರನ್ನು ರಬ್ಬರ್ ಪಟ್ಟಿಯಿಂದ ಎಳೆದು ಹಾಕಬೇಕು. ಕಿಟಕಿ ತೆರೆದಿಟ್ಟು, ಅನುಕೂಲವಿದ್ದರೆ ಗಾಳಿ ಹೊರದಬ್ಬುವ ಫ್ಯಾನನ್ನು ಕಾಲು ತಾಸು ಹಾಕಬೇಕು. ಒದ್ದೆ ಬಟ್ಟೆಯನ್ನು ಬಚ್ಚಲಲ್ಲಿ ಹರವಬಾರದು. ಹೊಸ ಮನೆ ಕಟ್ಟಿಸುವವರು ನುಣುಪು ಟೈಲ್ಸ್ ಬದಲು ಒರಟು ಟೈಲ್ಸ್ ಆರಿಸಲಿ, ನೆಲಕ್ಕೆ ಸರಿಯಾದ ಇಳಿಜಾರು ಕೊಡಿಸಲಿ. ಮನೆಯ ನಕ್ಷೆ ಬರೆಯುವಾಗ ಬಚ್ಚಲ ಕಿಟಕಿಯ ಬಗ್ಗೆ ಗಂಡಸರಿಗೆ ನೆನಪಿಸಬೇಕಾದವರು ನಾವೇ. ಏಕೆಂದರೆ ಆ ಕೋಣೆಯಲ್ಲಿ ಬಟ್ಟೆ ಒಗೆದು, ಮಕ್ಕಳಿಗೆ ನೀರು ಹಾಕಿ, ಹಿರಿಯರ ಕೈಹಿಡಿದು ನಡೆಸುವವರು ಹೆಚ್ಚಾಗಿ ನಾವೇ.